ಸೇವೆಯೇ ಹಬ್ಬವಂತೆ!

ಬಿಸು ಬರಲಿ, ಪೆರ್ನಾಲ್ (ಈದ್) ಬರಲಿ, ದೀಪಾವಳಿ, ಕ್ರಿಸ್‌ಮಸ್ ಯಾವುದೇ ಬರಲಿ, ಕೇರಳದ ಗಡಿಭಾಗದ ಮಂಗಲ್ಪಾಡಿ-ಉಪ್ಪಳದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ತಪ್ಪದೆ ಸುತ್ತುತ್ತದೆ. ಬಿಳಿ ಉಡುಪಿನ ನರ್ಸ್, ತಲೆಯ ಹಿಂದೆ ಪ್ರಭೆ, ಕೈಯಲ್ಲಿ ಹಣತೆ. ಕೆಳಗೊಂದು ಸಾಲು: ಹಬ್ಬದ ದಿನವೂ ದುಡಿಯುವ ಸಹೋದರಿಯರೇ, ನಿಮ್ಮ ಸೇವೆಯೇ ನಿಜವಾದ ಹಬ್ಬ. ಕಳಿಸುವವರು ಕೆಟ್ಟವರೇನಲ್ಲ. ಊಟ ಮುಗಿಸಿ ಪಾಯಸದ ಎರಡನೇ ಲೋಟ ಕೈಯಲ್ಲಿ ಹಿಡಿದುಕೊಂಡೇ ಕಳಿಸಿರುತ್ತಾರೆ, ಅಷ್ಟೆ. ಆದರೆ ಆ ಸಾಲು ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಅದು ಕೆಲವರಿಗೆ ಲಾಭ ತರುವ ಸುಳ್ಳು. ಆಡಳಿತ ಮಂಡಳಿಯ ಭಾಷಣದಲ್ಲಿ, ಮೇ 12ರ ದಾದಿಯರ ದಿನದ ಸನ್ಮಾನದಲ್ಲಿ, ಮಂತ್ರಿಗಳ ಸಂದೇಶದಲ್ಲಿ ಅದೇ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮನೆಯವರೂ ಅದನ್ನೇ ನಂಬಿ ಸಮಾಧಾನ ಹೇಳುತ್ತಾರೆ. ಹಾಗಾಗಿ ಒಮ್ಮೆ ಅದನ್ನು ಬಿಡಿಸಿ ನೋಡಲೇಬೇಕು.

ಹಬ್ಬದ ದಿನ ಮನೆಯಲ್ಲಿ ಒಬ್ಬರು ಇಲ್ಲದಿರುವುದು ಈ ಊರಿಗೆ ಹೊಸತೇ? ಬಂದ್ಯೋಡಿನಿಂದ ಉಪ್ಪಳದವರೆಗೆ ಯಾವ ಓಣಿಗೆ ಹೋದರೂ ಗಲ್ಫಿನಲ್ಲಿರುವ ಮಗನೋ ಅಳಿಯನೋ ಇಲ್ಲದ ಮನೆ ಹುಡುಕಬೇಕು. ದುಬೈಯಲ್ಲಿ ಪೆರ್ನಾಲಿನ ದಿನವೂ ಅಂಗಡಿಯ ಶಟರ್ ಎತ್ತುವ ಅಣ್ಣನಿಗೆ ‘ನಿನ್ನ ವ್ಯಾಪಾರವೇ ನಿನ್ನ ಹಬ್ಬ’ ಎಂದು ಯಾರಾದರೂ ಚಿತ್ರ ಕಳಿಸಿದ್ದುಂಟೇ? ಅವನ ಗೈರುಹಾಜರಿಯನ್ನು ನಾವು ಬೇರೆಯೇ ಭಾಷೆಯಲ್ಲಿ ಮಾತಾಡುತ್ತೇವೆ. ಸಂಬಳ ಎಷ್ಟು, ಓವರ್‌ಟೈಮ್ ಕೊಡುತ್ತಾರೋ, ಟಿಕೇಟು ಕಂಪೆನಿಯದೋ ಸ್ವಂತದ್ದೋ, ರಜೆ ಯಾವಾಗ? ಹಬ್ಬಕ್ಕೆ ಬರಲಾಗದ ನಷ್ಟವನ್ನು ದಿರ್ಹಮಿನಲ್ಲಿ ಅಳೆಯಲು ಅಲ್ಲಿ ಯಾರಿಗೂ ಸಂಕೋಚವಿಲ್ಲ. ಯುಎಇಯ 2021ರ ಕಾರ್ಮಿಕ ಕಾನೂನು ಕೂಡ ಅದನ್ನು ಅಳೆದೇ ಇಟ್ಟಿದೆ: ಸಾರ್ವಜನಿಕ ರಜೆಯ ದಿನ ದುಡಿಸಿಕೊಂಡರೆ ಬದಲಿ ರಜೆ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಮೇಲೆ ಮೂಲವೇತನದ ಕನಿಷ್ಠ ಅರ್ಧದಷ್ಟು ಹೆಚ್ಚು ಕೊಡಬೇಕು. ಅದೇ ಮನೆಯ ಮಗಳು ದೇರಳಕಟ್ಟೆಯ ಒಂದು ಆಸ್ಪತ್ರೆಯಲ್ಲಿ ಅದೇ ಪೆರ್ನಾಲಿನ ರಾತ್ರಿ ನೈಟ್ ಡ್ಯೂಟಿ ಮಾಡಿದರೆ ಮಾತ್ರ ತಕ್ಕಡಿ ಮಾಯವಾಗಿ ಪ್ರಭೆ ಬರುತ್ತದೆ. ಅಣ್ಣನದು ದುಡಿಮೆ, ತಂಗಿಯದು ಪುಣ್ಯ. ಪುಣ್ಯಕ್ಕೆ ಓವರ್‌ಟೈಮ್ ಕೇಳುವುದುಂಟೇ?

ಈ ಪುಣ್ಯ ಎಲ್ಲಿ ಯಾರ ಖಾತೆಗೆ ಜಮೆಯಾಗುತ್ತದೆ ಎಂಬ ಲೆಕ್ಕ ಕಷ್ಟದ್ದೇನಲ್ಲ. ಒಂದು ವಾರ್ಡಿನಲ್ಲಿ ಹಗಲೂ ರಾತ್ರಿಯೂ ಒಬ್ಬ ನರ್ಸ್ ಇರಲೇಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,760 ಗಂಟೆ. ವಾರಕ್ಕೊಂದು ಆಫ್ ಕಳೆದರೆ ಒಬ್ಬರ ಪಾಲಿಗೆ 313 ದಿನ ಉಳಿಯಿತು. ಹಬ್ಬದ ಮತ್ತು ರಾಷ್ಟ್ರೀಯ ರಜೆ ಹದಿಮೂರು, ಸಾಂದರ್ಭಿಕ ರಜೆ ಇಪ್ಪತ್ತು ಎಂದು ಹಿಡಿದರೆ 280 ದಿನ. ದಿನಕ್ಕೆ ಎಂಟು ಗಂಟೆಯಂತೆ 2,240 ಗಂಟೆ. ಆ ಒಂದೇ ಒಂದು ಜಾಗವನ್ನು ವರ್ಷವಿಡೀ ತುಂಬಲು ಹೆಚ್ಚುಕಡಿಮೆ ನಾಲ್ವರು ಬೇಕು. ಹೆರಿಗೆ ರಜೆ, ಜ್ವರ, ತರಬೇತಿ, ಮನೆಯಲ್ಲಿ ಸಾವು ಇವನ್ನು ಇನ್ನೂ ಸೇರಿಸಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ ಇದನ್ನು ಗುರುತಿಸಿಯೇ, ಹಾಸಿಗೆ ಲೆಕ್ಕದಲ್ಲಿ ಬರುವ ಸಂಖ್ಯೆಯ ಮೇಲೆ ರಜೆಗೆಂದೇ ಶೇ. 30ರಷ್ಟು ಹೆಚ್ಚುವರಿ ನರ್ಸುಗಳಿರಬೇಕು ಎನ್ನುತ್ತದೆ. ರಜೆ ಯಾರೋ ಮೇಲಿನವರು ಮನಸ್ಸು ಮಾಡಿ ಕೊಡುವ ಪ್ರಸಾದವಲ್ಲ, ನೇಮಕಾತಿಯ ದಿನವೇ ಲೆಕ್ಕಕ್ಕೆ ಸೇರಬೇಕಾದ ಬಾಬತ್ತು ಎಂದು ಇದರ ಅರ್ಥ. ಈಗ ಮೂವರನ್ನು ಇಟ್ಟುಕೊಂಡು ನಾಲ್ವರ ಕೆಲಸ ನಡೆಸುವ ಆಸ್ಪತ್ರೆಯನ್ನು ಊಹಿಸಿ. ಊಹಿಸಲು ದೂರ ಹೋಗಬೇಕಾಗಿಲ್ಲ. ಖಾಲಿ ಬಿದ್ದ ಆ ನಾಲ್ಕನೆಯ ಹುದ್ದೆಯಲ್ಲಿ ಕೂತಿರುವವಳು ಯಾರು? ಪ್ರಭೆ ಹೊತ್ತ ಅದೇ ದೇವತೆ. ಅವಳಿಗೆ ಪಿಎಫ್ ಕಟ್ಟಬೇಕಾಗಿಲ್ಲ.

ದೀಪ ಹಿಡಿದ ಮಹಿಳೆ ಎಂದು ನಾವು ಪೂಜಿಸುವ ಫ್ಲಾರೆನ್ಸ್ ನೈಟಿಂಗೇಲ್ ಅವರೇ ಲೆಕ್ಕದ ಹೆಂಗಸು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಯಾವುದರಿಂದ ಸತ್ತರು ಎಂದು ಅಂಕಿಸಂಖ್ಯೆಯ ಚಿತ್ರ ಬರೆದು ಸರಕಾರದ ಮುಖಕ್ಕೆ ಹಿಡಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಸದಸ್ಯೆಯಾದ ಮೊದಲ ಮಹಿಳೆ ಅವರು. ನಮ್ಮ ಸನ್ಮಾನ ಸಮಾರಂಭಗಳು ದೀಪವನ್ನು ಉಳಿಸಿಕೊಂಡು ಲೆಕ್ಕದ ಪುಸ್ತಕವನ್ನು ಬಿಟ್ಟುಬಿಟ್ಟವು.

ಮಂಗಲ್ಪಾಡಿಯಲ್ಲಿ ಈ ಖಾಲಿ ಹುದ್ದೆಯ ಮಾತಿಗೆ ಇನ್ನೂ ಸ್ವಲ್ಪ ತೂಕ ಹೆಚ್ಚು. ಮಂಜೇಶ್ವರ ತಾಲೂಕು ಹುಟ್ಟಿದ್ದು 2014ರಲ್ಲಿ. ಅದರ ತಾಲೂಕು ಆಸ್ಪತ್ರೆ ಇರುವುದು ನಮ್ಮ ಪಂಚಾಯತಿನಲ್ಲಿ. ಬೋರ್ಡಿನಲ್ಲಿ ತಾಲೂಕು ಆಸ್ಪತ್ರೆ ಎಂದು ಬರೆದರೂ ಅದಕ್ಕೆ ತಕ್ಕ ವೈದ್ಯರೂ ನರ್ಸುಗಳೂ ಬರಲಿಲ್ಲ ಎನ್ನುವುದು ಊರವರ ಹಳೆಯ ದೂರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲಿ ಶಿಲಾನ್ಯಾಸವಾಯಿತು. ಆಮೇಲೆ ಕೆಲಸ ವರ್ಷಗಟ್ಟಲೆ ಕುಂಟಿತು. ಹೀಗಾಗಿ ದೊಡ್ಡ ಕಾಯಿಲೆಯಾದರೆ ಗಾಡಿ ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ ಓಡುತ್ತದೆ. ಅಲ್ಲಿ ನಮ್ಮವರನ್ನು ಮಲಗಿಸಿ ಸೂಜಿ ಚುಚ್ಚುವ ಸಿಸ್ಟರ್ ಕೂಡ ಎಷ್ಟೋ ಸಲ ಇದೇ ತಾಲೂಕಿನವಳು. ಬೆಳಗಿನ ಬಸ್ಸಿನಲ್ಲಿ ಗಡಿ ದಾಟಿ ಹೋದವಳು.

ಗಡಿ ದಾಟಿ ದುಡಿಯುವವಳಿಗೆ ಹಬ್ಬದ ಪಟ್ಟಿ ಎಂಬುದೇ ಒಂದು ತಮಾಷೆ. ಓಣಂಗೆ ಊರಿಡೀ ರಜೆ, ಶಾಲೆಗೆ ಹತ್ತು ದಿನ ಬೀಗ, ಮಕ್ಕಳು ಮನೆಯಲ್ಲಿ. ಕರ್ನಾಟಕದ ಆಸ್ಪತ್ರೆಯಲ್ಲಿ ಅದು ಮಾಮೂಲಿ ದಿನ. ಯುಗಾದಿಗೆ ಅಲ್ಲಿ ರಜೆ, ಇಲ್ಲಿ ಮಕ್ಕಳಿಗೆ ಪರೀಕ್ಷೆ. ಪೆರ್ನಾಲಿನದಂತೂ ಬೇರೆಯೇ ಕಥೆ. 2024ರಲ್ಲಿ ಕೇರಳವೂ ಕರಾವಳಿಯೂ ಏಪ್ರಿಲ್ 10ರಂದು ಈದ್ ಆಚರಿಸಿದರೆ ಬೆಂಗಳೂರು ಮತ್ತು ರಾಜ್ಯದ ಉಳಿದ ಭಾಗ 11ರಂದು ಆಚರಿಸಿತು. ಚಂದ್ರ ಕಂಡಿತೋ ಇಲ್ಲವೋ ಎಂಬ ಸುದ್ದಿ ಬರುವುದು ಮುಂಚಿನ ದಿನ ಸೂರ್ಯ ಮುಳುಗಿದ ಮೇಲೆ. ಅಷ್ಟು ಹೊತ್ತಿಗೆ ಡ್ಯೂಟಿ ಲಿಸ್ಟ್ ಗೋಡೆಗೆ ಅಂಟಿಸಿ ವಾರವಾಗಿರುತ್ತದೆ. ಚಂದ್ರನನ್ನು ದೂರುವಂತಿಲ್ಲ. ಎರಡರಲ್ಲಿ ಒಂದು ದಿನ ಎಂದು ಮೊದಲೇ ಗೊತ್ತಿರುವಾಗ ಎರಡೂ ದಿನಕ್ಕೆ ಒಬ್ಬಿಬ್ಬರನ್ನು ಮೀಸಲು ಇಡಲು ದೂರದರ್ಶಕವೇನೂ ಬೇಡವಲ್ಲ. ಒಂದು ಪೆನ್ಸಿಲ್ ಸಾಕು.

ಈ ಗೋಜಲನ್ನು ಸಿಸ್ಟರ್‌ಗಳು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳುತ್ತಾರೆ. ಪೆರ್ನಾಲಿಗೆ ಹಿಂದೂ ಸಿಸ್ಟರ್ ನಿಲ್ಲುತ್ತಾಳೆ, ದೀಪಾವಳಿಗೆ ಬ್ಯಾರಿ ಸಿಸ್ಟರ್ ನಿಲ್ಲುತ್ತಾಳೆ, ಕ್ರಿಸ್‌ಮಸ್ ರಾತ್ರಿ ಇಬ್ಬರೂ ಸೇರಿ ಕ್ರೈಸ್ತ ಗೆಳತಿಯನ್ನು ಪೂಜೆಗೆ ಕಳಿಸುತ್ತಾರೆ. ಇದನ್ನು ಕಂಡ ಕೂಡಲೇ ನಮ್ಮ ಪತ್ರಿಕೆಗಳಿಗೆ ಕಣ್ತುಂಬಿ ಬರುತ್ತದೆ. ಸೌಹಾರ್ದದ ಸಂದೇಶ, ಮಾದರಿ ವಾರ್ಡು, ಮೂವರು ನಗುತ್ತಿರುವ ಫೋಟೋ. ಪ್ರಚಲಿತ ನಂಬಿಕೆಗಳಲ್ಲೆಲ್ಲ ನನಗೆ ಹೆಚ್ಚು ಸಿಟ್ಟು ಬರಿಸುವುದು ಇದೇ, ಯಾಕೆಂದರೆ ಇದು ಮುಕ್ಕಾಲು ಪಾಲು ನಿಜ. ಆ ಹೆಂಗಸರ ಸ್ನೇಹ ನಿಜ. ಸೌಹಾರ್ದ ಏನೆಂದು ಈ ತಾಲೂಕಿಗೆ ಹೇಳಿಕೊಡಬೇಕಾಗಿಯೂ ಇಲ್ಲ: ಬಿಸುವಿನ ನಂತರ ಉದ್ಯಾವರದ ‘ಮಾಡ’ ಎಂಬ ದೈವಸ್ಥಾನದ ಕಡೆಯವರು ಸಾವಿರ ಜಮಾಅತ್ ಮಸೀದಿಗೆ ಹೋಗಿ ಉತ್ಸವಕ್ಕೆ ಆಮಂತ್ರಣ ಕೊಡುವ ಕಟ್ಟುಕಟ್ಟಳೆ ಇಂದಿಗೂ ನಡೆಯುತ್ತಿದೆ. ಅಲ್ಲಿ ಕೊಡುವವರಿಗೂ ಪಡೆಯುವವರಿಗೂ ಮರ್ಯಾದೆ ಇದೆ, ಯಾರೂ ಯಾರ ಕಾಲನ್ನೂ ಹಿಡಿಯುವುದಿಲ್ಲ.

ಡ್ಯೂಟಿ ಬದಲಾವಣೆಯಲ್ಲಿ ಹಿಡಿಯಬೇಕಾಗುತ್ತದೆ. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಫೋನು ಶುರುವಾಗುತ್ತದೆ: ಅಕ್ಕ, ಆ ದಿನ ನೀನು ನಿಲ್ಲುತ್ತೀಯಾ, ಮುಂದಿನ ತಿಂಗಳು ನಿನ್ನ ಎರಡು ನೈಟ್ ನಾನು ಮಾಡುತ್ತೇನೆ. ಒಪ್ಪಿದವಳು ನಾಳೆ ಮಗುವಿಗೆ ಜ್ವರ ಬಂದರೆ ಹಿಂದೆ ಸರಿಯುತ್ತಾಳೆ. ಮತ್ತೆ ಇನ್ನೊಬ್ಬಳಿಗೆ ಫೋನು. ಕೊನೆಗೆ ಹೆಡ್ ನರ್ಸ್ ಮುಂದೆ ನಿಂತು ಇಬ್ಬರೂ ಸಹಿ ಹಾಕಬೇಕು. ಹೊಸದಾಗಿ ಸೇರಿದ, ಗುತ್ತಿಗೆಯ, ಇನ್ನೂ ಯಾರ ಸ್ನೇಹವೂ ಸಿಗದ ಹುಡುಗಿಗೆ ಬದಲಿ ಸಿಗುವುದಿಲ್ಲ. ಆಸ್ಪತ್ರೆ ತಾನು ಮಾಡಬೇಕಾದ ಏರ್ಪಾಡನ್ನು ಹೆಂಗಸರ ಗೆಳೆತನದ ತಲೆಗೆ ಕಟ್ಟಿ ಕೈತೊಳೆದುಕೊಂಡಿತು, ನಾವು ಅದಕ್ಕೆ ಸೌಹಾರ್ದ ಎಂಬ ಹೆಸರಿಟ್ಟು ಚಪ್ಪಾಳೆ ತಟ್ಟಿದೆವು. ಇನ್ನೊಂದು ಸಣ್ಣ ಪ್ರಶ್ನೆಯೂ ಉಂಟು. ಬೇರೆಯವರ ಹಬ್ಬಕ್ಕೆ ನಿಂತುಕೊಳ್ಳಲು ಬೇರೆ ಧರ್ಮದವರು ಇರಲೇಬೇಕೇ? ಒಂದೇ ಧರ್ಮದವರಿರುವ ವಾರ್ಡಿನಲ್ಲಿ ರಜೆ ಯಾರಿಗೂ ಬೇಡವೇ?

ಗೊತ್ತಿದ್ದೇ ಈ ಕೆಲಸಕ್ಕೆ ಬಂದದ್ದಲ್ಲವೇ ಎನ್ನುವ ವಾದ ಒಂದಿದೆ. ಹೌದು, ಗೊತ್ತಿದ್ದೇ ಬಂದರು. ಹಬ್ಬದ ದಿನ ಆಸ್ಪತ್ರೆ ಮುಚ್ಚಲಿ ಎಂದು ಯಾವ ನರ್ಸೂ ಕೇಳಿದ್ದು ನಾನು ಕಾಣೆ. ಮುಚ್ಚಬಾರದು ಮಾತ್ರವಲ್ಲ, ಆ ದಿನ ಹೆಚ್ಚು ಜನ ಇರಬೇಕು. ಸ್ವೀಡನ್ನಿನಲ್ಲಿ ಹದಿನಾರು ವರ್ಷಗಳ ಹೃದಯಾಘಾತದ ದಾಖಲೆಗಳನ್ನು, 2,83,000ಕ್ಕೂ ಹೆಚ್ಚು ಪ್ರಕರಣಗಳನ್ನು ಸೋಸಿ ನೋಡಿದವರು ಕ್ರಿಸ್‌ಮಸ್ ಮುನ್ನಾದಿನ ಆ ಅಪಾಯ ಶೇ. 37ರಷ್ಟು ಹೆಚ್ಚಿರುವುದನ್ನು, ರಾತ್ರಿ ಹತ್ತರ ಸುಮಾರಿಗೆ ಅದು ತುದಿ ಮುಟ್ಟುವುದನ್ನು 2018ರಲ್ಲಿ ಪ್ರಕಟಿಸಿದರು. ನಮಗೆ ಸ್ವೀಡನ್ ಬೇಕೇ? 2024ರ ಅಕ್ಟೋಬರ್ 28ರ ನಡುರಾತ್ರಿ, ದೀಪಾವಳಿಗೆ ಇನ್ನು ಮೂರು ದಿನ ಇರುವಾಗ, ನಮ್ಮದೇ ಜಿಲ್ಲೆಯ ನೀಲೇಶ್ವರದ ವೀರರ್‌ಕಾವಿನಲ್ಲಿ ಕಳಿಯಾಟದ ಹೊತ್ತಿಗೆ ಸುಡುಮದ್ದಿನ ದಾಸ್ತಾನಿಗೆ ಬೆಂಕಿ ಬಿತ್ತು. 150ಕ್ಕೂ ಹೆಚ್ಚು ಜನ ಗಾಯಗೊಂಡರು. ಕಾಞಂಗಾಡಿನಿಂದ ಮಂಗಳೂರಿನವರೆಗೆ, ಅತ್ತ ಕಣ್ಣೂರಿನವರೆಗೆ ಆಸ್ಪತ್ರೆಗಳು ಆ ರಾತ್ರಿ ತುಂಬಿದವು. ಸುಟ್ಟ ಗಾಯಕ್ಕೆ ಮೊದಲ ಗಂಟೆಯಲ್ಲಿ ನೀರು, ಸಲೈನ್, ನೋವಿನ ಮದ್ದು, ಡ್ರೆಸ್ಸಿಂಗ್ ಎಲ್ಲಕ್ಕೂ ಕೈ ಬೇಕು. ಹಬ್ಬದ ರಾತ್ರಿಯೆಂದರೆ ಪಟಾಕಿ, ಬೈಕು, ಕುಡಿತ, ತಿಂದದ್ದು ಹೆಚ್ಚಾಗಿ ಎದೆ ಹಿಡಿದುಕೊಂಡ ಅಜ್ಜ. ಇದೆಲ್ಲ ಗೊತ್ತಿದ್ದೂ ಹಬ್ಬಕ್ಕೆ ಅರ್ಧ ಸಿಬ್ಬಂದಿ ಇಟ್ಟು ನಡೆಸುವುದನ್ನು ಸೇವೆ ಎನ್ನುವುದಾದರೆ ಅದು ರೋಗಿಗೆ ಮಾಡಿದ ಸೇವೆಯಂತೂ ಅಲ್ಲ.

ಗೊತ್ತಿದ್ದೇ ಬಂದವರಿಗೆ ಎಷ್ಟು ಕೊಡಬೇಕು ಎಂಬುದು ಮಾತ್ರ ಕೊಡುವವರಿಗೆ ಗೊತ್ತಿರಲಿಲ್ಲ. ದೇವತೆಗಳ ಗುಟ್ಟು ಬಯಲಾದದ್ದು 2017ರ ಜುಲೈಯಲ್ಲಿ, ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು ಸಂಬಳಕ್ಕಾಗಿ ಮುಷ್ಕರಕ್ಕೆ ಇಳಿದಾಗ. ಅಷ್ಟರವರೆಗೆ ಮಾಲಾಖ (ದೇವತೆ), ಮಾಲಾಖ ಎನ್ನುತ್ತಿದ್ದವರಿಗೆ ಒಮ್ಮೆಲೇ ರೋಗಿಗಳ ಪ್ರಾಣ ನೆನಪಾಯಿತು. ಪಕ್ಕದ ಕಣ್ಣೂರಿನಲ್ಲಿ ಜಿಲ್ಲಾಡಳಿತ ನರ್ಸಿಂಗ್ ವಿದ್ಯಾರ್ಥಿಗಳನ್ನೇ ಮುಷ್ಕರದ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಹಚ್ಚಲು ಆದೇಶ ಹೊರಡಿಸಿತು. ಇನ್ನೂ ಕಲಿಯುತ್ತಿರುವ ಹುಡುಗಿಯರು! ಕೊನೆಗೆ 2018ರ ಏಪ್ರಿಲಿನಲ್ಲಿ, ಚೇರ್ತಲದಿಂದ ತಿರುವನಂತಪುರಕ್ಕೆ ಪಾದಯಾತ್ರೆ ಹೊರಡುವ ಮುನ್ನಾದಿನ, ತಿಂಗಳಿಗೆ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆ ಬಂತು. ಎಷ್ಟೋ ವರ್ಷ ಹಣತೆ ಹಿಡಿದ ಚಿತ್ರಗಳಿಂದ ಆಗದ್ದು ಬೀದಿಗಿಳಿಯುತ್ತೇವೆ ಎಂದಾಗ ಆಯಿತು.

ಅದೇ 2018ರ ಮೇ 21ರಂದು ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ನಿಪಾ ರೋಗಿಯ ಶುಶ್ರೂಷೆ ಮಾಡಿ ತಾವೂ ಅದೇ ರೋಗಕ್ಕೆ ಬಲಿಯಾದರು. ಇಡೀ ದೇಶ ಅವರನ್ನು ದೇವತೆ ಎಂದಿತು, ಸರಿಯೇ. ಅವರ ಹುದ್ದೆ ಕಾಯಂ ಆಗಿರಲಿಲ್ಲ ಎಂಬುದು ಆ ಹೊಗಳಿಕೆಯ ನಡುವೆ ಒಂದು ಸಾಲಿನಲ್ಲಿ ಬಂದು ಹೋಯಿತು.

ಕೋವಿಡ್ ಬಂದ 2020ನ್ನು ಮರೆಯುವಂತಿಲ್ಲ. ಮಾರ್ಚ್ 22ರ ಸಂಜೆ ತಟ್ಟೆ ಬಡಿದೆವು, ಮೇ 3ರಂದು ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿಯಿತು. ಆ ಎರಡು ತಾರೀಕುಗಳ ನಡುವೆ ಈಸ್ಟರೂ ಬಿಸುವೂ ಬಂದು ಹೋದವು, ರಂಜಾನ್ ಶುರುವಾಯಿತು. ತಲಪಾಡಿಯಲ್ಲಿ ಗಡಿ ಮುಚ್ಚಿತ್ತು. ರೋಗಿಗಳು ಮಂಗಳೂರು ಮುಟ್ಟಲಾಗದೆ ಈಚೆಯೇ ಸತ್ತರು, ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಗಡಿ ದಾಟಿ ದುಡಿಯುವವರಿಗೆ ಆಗ ಮನೆ ಅಥವಾ ಕೆಲಸ, ಎರಡರಲ್ಲಿ ಒಂದು. ಹೂವು ಬಿದ್ದಲ್ಲಿ ಗುಡಿಸಿದವರು ಯಾರು ಎಂದು ಕೇಳಬಾರದು. ಆಸ್ಪತ್ರೆಯ ಅಟೆಂಡರು, ಆಯಾ, ಕ್ಲೀನಿಂಗಿನವರು ಹಬ್ಬದ ಪೋಸ್ಟರಿನಲ್ಲಿ ಯಾವತ್ತೂ ಇರುವುದಿಲ್ಲ. ಅವರ ತಲೆಯ ಹಿಂದೆ ಪ್ರಭೆ ಬರೆಯಲು ಕಲಾವಿದರಿಗೆ ಇನ್ನೂ ಹೊಳೆದಿಲ್ಲ.

ಈಗ ಮನೆಗೆ ಬರೋಣ. ಆಡಳಿತ ಮಂಡಳಿಯನ್ನು ಬೈಯುವುದು ಸುಲಭ, ಜಗಲಿಯನ್ನು ಬೈಯುವುದು ಕಷ್ಟ. ‘ಪಾಪ, ಹಬ್ಬದ ದಿನವೂ ಡ್ಯೂಟಿ’ ಎನ್ನುವ ಅತ್ತೆಯ ಮಾತಿನಲ್ಲಿ ಕನಿಕರ ಎಷ್ಟು, ಅಡಿಗೆಮನೆಯಲ್ಲಿ ಒಂದು ಕೈ ಕಡಿಮೆಯಾಯಿತೆಂಬ ಲೆಕ್ಕ ಎಷ್ಟು? ಚೌತಿಯ ಮುನ್ನಾದಿನ ನೈಟ್ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಬಸ್ಸಿಳಿದವಳಿಗೆ ಕೊಟ್ಟಿಗೆ (ಕಡುಬು) ಕಟ್ಟಲು ಹಲಸಿನ ಎಲೆ ಕಾದಿರುತ್ತದೆ. ಪೆರ್ನಾಲಿನ ರಾತ್ರಿ ವಾರ್ಡಿನಲ್ಲಿ ನಿಂತವಳು ಮರುದಿನ ನೆಂಟರಿಗೆ ನೈಚೋರು ಬಡಿಸದಿದ್ದರೆ ನಾದಿನಿಯ ಮುಖ ಬಾಡುತ್ತದೆ. ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ನಡೆದು ಬಂದ ಪದ್ಧತಿಯಲ್ಲಿ ಬೆಳಗಿನ ಪಾಳಿ ಆರು ಗಂಟೆ, ಮಧ್ಯಾಹ್ನದ್ದು ಆರು, ರಾತ್ರಿಯದು ಹನ್ನೆರಡು. ಹನ್ನೆರಡು ಗಂಟೆ ನಿಂತು ಬಂದವಳಿಗೆ ಮನೆಯ ಹಬ್ಬ ಇನ್ನೊಂದು ಪಾಳಿ. ಅದಕ್ಕೆ ಹ್ಯಾಂಡೋವರ್ ಕೊಡಲು ಯಾರೂ ಇಲ್ಲ. ಗಂಡಸಿಗೆ ಹಬ್ಬ ರಜೆ, ಹೆಂಗಸಿಗೆ ಹಬ್ಬ ಕೆಲಸ ಎನ್ನುವ ಮನೆಯಲ್ಲಿ, ಆಸ್ಪತ್ರೆ ಅವಳ ಹಬ್ಬ ಕಸಿಯಿತು ಎಂದು ಮರುಗುವ ಹಕ್ಕು ಗಂಡಸರಿಗೆ ಅಷ್ಟಾಗಿ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಕೊಟ್ಟಿಗೆ ಕಟ್ಟಲು ನನಗೆ ಈಗಲೂ ಬರುವುದಿಲ್ಲ.

ಕೆಲವು ಸಿಸ್ಟರ್‌ಗಳು ಗುಟ್ಟಾಗಿ ಹೇಳುವುದುಂಟು, ಹಬ್ಬದ ದಿನ ಡ್ಯೂಟಿ ಬಿದ್ದರೇ ಆರಾಮ ಎಂದು. ಕ್ಯಾಂಟೀನಿನವರು ಒಂದು ಲೋಟ ಸೇಮಿಗೆ ಪಾಯಸ ಕೊಡುತ್ತಾರೆ, ಬೈಸ್ಟ್ಯಾಂಡರೊಬ್ಬರು ಮನೆಯಿಂದ ತಂದ ಬಿರಿಯಾನಿಯಲ್ಲಿ ಪಾಲು ಕೊಡುತ್ತಾರೆ, ಕೂತು ತಿನ್ನಬಹುದು, ಬಡಿಸಬೇಕಾಗಿಲ್ಲ. ನೋಡಿ, ಅವರಿಗೇ ಇಷ್ಟ ಎಂದು ಎದುರು ಪಕ್ಷದವರು ಇದನ್ನು ಎತ್ತಿ ತೋರಿಸುತ್ತಾರೆ. ಒಂದು ಲೋಟ ಪಾಯಸ ಕೂತು ಕುಡಿಯಲು ಹೆಣ್ಣೊಬ್ಬಳು ಕ್ಯಾಶುವಾಲಿಟಿಗೆ ಹೋಗಬೇಕಾಗುತ್ತದೆಂದರೆ ಅದು ಆಸ್ಪತ್ರೆಯ ಹೆಗ್ಗಳಿಕೆಯೋ ಮನೆಯ ನಾಚಿಕೆಯೋ ಅವರೇ ಹೇಳಲಿ.

ಬೆಲೆ ಕಟ್ಟಿದರೆ ಸೇವೆಯ ಪಾವಿತ್ರ್ಯ ಹೋಗುತ್ತದೆ ಎನ್ನುವವರು ಇಂಗ್ಲೆಂಡಿಗೆ ಹೋದ ನಮ್ಮ ಊರಿನ ಹುಡುಗಿಯರನ್ನು ಕೇಳಬಹುದು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಸಾರ್ವಜನಿಕ ರಜೆಯ ದಿನ ನಿಂತ ವಾರ್ಡ್ ನರ್ಸಿಗೆ ಗಂಟೆಗೆ ಶೇ. 60ರಷ್ಟು ಹೆಚ್ಚು ಸಂಬಳ, ಅದರ ಮೇಲೆ ಬದಲಿ ರಜೆ. ಕ್ರಿಸ್‌ಮಸ್ ದಿನ ರೋಗಿಯ ಕೈ ಹಿಡಿಯುವಾಗ ಆ ಅರವತ್ತು ಅಡ್ಡ ಬಂದದ್ದಿಲ್ಲ. ನಮ್ಮಲ್ಲಿ ಈ ತತ್ವ ಹೊರಗಿನಿಂದ ತರಬೇಕಾದದ್ದೂ ಅಲ್ಲ. ಉದ್ದಿಮೆ-ವ್ಯಾಪಾರ ಸಂಸ್ಥೆಗಳ ನೌಕರರಿಗೆ ರಾಷ್ಟ್ರೀಯ ಮತ್ತು ಹಬ್ಬದ ರಜೆ ಕೊಡಲು ಕೇರಳ 1958ರಲ್ಲಿ, ಕರ್ನಾಟಕ 1963ರಲ್ಲಿ ಕಾಯಿದೆ ಮಾಡಿಕೊಂಡಿವೆ. ರಜೆಯ ದಿನ ದುಡಿದರೆ ದುಪ್ಪಟ್ಟು ಸಂಬಳ, ಇಲ್ಲವೇ ಸಂಬಳದ ಜೊತೆ ಇನ್ನೊಂದು ದಿನ ರಜೆ. ಬೀಡಿ ಕಂಪೆನಿಯವನಿಗೂ ಅರ್ಥವಾಗುವ ಈ ಲೆಕ್ಕ ಆಸ್ಪತ್ರೆಯ ಬಾಗಿಲಿಗೆ ಬಂದಾಗ ‘ಕಾಂಪ್ ಆಫ್ ಮುಂದೆ ನೋಡೋಣ’ ಎಂದು ಕುಗ್ಗುತ್ತದೆ. ಮುಂದೆ ಎಂದರೆ ಯಾವಾಗ ಎಂದು ಕೇಳಿದವಳು ಜಗಳಗಂಟಿ.

ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ ಮಂಜೇಶ್ವರ ಬ್ಲಾಕ್ ಪಂಚಾಯತಿನ ಅಧೀನದಲ್ಲಿದೆ. ಅದರ ನಿರ್ವಹಣಾ ಸಮಿತಿಯಲ್ಲಿ ಎಲ್ಲ ಪಕ್ಷಗಳವರೂ ಕೂರುತ್ತಾರೆ, ಓಟು ಕೇಳಲು ನಮ್ಮ ಅಂಗಳಕ್ಕೆ ಬರುವವರೇ. ದೇವಸ್ಥಾನದ ಜಾತ್ರೆಗೂ ಉರೂಸಿಗೂ ತಿಂಗಳುಗಟ್ಟಲೆ ಮೊದಲೇ ನೋಟೀಸು ಅಚ್ಚಾಗುತ್ತದೆ. ಸುಡುಮದ್ದು ಯಾವ ರಾತ್ರಿ, ಅನ್ನದಾನ ಯಾವ ಮಧ್ಯಾಹ್ನ ಎಲ್ಲವೂ ಅದರಲ್ಲಿರುತ್ತದೆ. ಅಂಥ ಒಂದು ನೋಟೀಸು ಸಮಿತಿಯ ಮೇಜಿನ ಮೇಲಿಟ್ಟು, ಆ ರಾತ್ರಿ ಕ್ಯಾಶುವಾಲಿಟಿಯಲ್ಲಿ ಎಷ್ಟು ಮಂದಿ ಸಿಸ್ಟರ್‌ಗಳಿರುತ್ತಾರೆ, ಅವರ ಬದಲಿ ರಜೆ ಯಾವ ತಾರೀಕಿಗೆ, ರಾತ್ರಿಯ ಊಟ ಯಾರ ಖರ್ಚು, ಡ್ಯೂಟಿ ಲಿಸ್ಟ್ ಗೋಡೆಗೆ ಬರುವುದು ಯಾವಾಗ ಎಂದು ಕೇಳಿ ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆಸುವ ಒಬ್ಬ ಸದಸ್ಯ ಸಿಗಲಿ. ಶಾಲು, ಹಾರ, ಹಣತೆಯ ಚಿತ್ರ ಎಲ್ಲವನ್ನೂ ಅವರಿಗೇ ಹೊದಿಸಲು ನನ್ನ ಅಭ್ಯಂತರವಿಲ್ಲ.